ಹೊನಗೊನ್ನೆ ಪಲ್ಯ ಮತ್ತು ನಾನೂರು ಗಂಧದ ಸಸಿ

ನಿಪ್ಪಾಣಿಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ನಾನು ರಸಾಯನಶಾಸ್ತ್ರ ಕಲಿಸಿದೆ. ಸಾರಜನಕದ ಪಾಠವನ್ನಂತೂ ಎಷ್ಟು ಸಲ ಮಾಡಿದ್ದೇನೆಂದರೆ, ಕರಿಹಲಗೆಯ ಕಡೆ ಮುಖ ಮಾಡಿ ನಿಂತು, ಸಂಜೆಗೆ ಯಾವ ಕಾಯಿಪಲ್ಯ ಒಯ್ಯಬೇಕೆಂದು ಯೋಚಿಸುತ್ತಲೇ ಅದನ್ನು ಮುಗಿಸಬಲ್ಲೆ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಅಷ್ಟು ಕಲಿಸಿದ ಮೇಲೂ ನಾನೂರು ಶ್ರೀಗಂಧದ ಸಸಿಗಳ ಅನ್ನವನ್ನು ಬೇರುಸಹಿತ ಕಿತ್ತು, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಜೋಳದ ರೊಟ್ಟಿಯ ಜೊತೆ ತಿಂದವಳು ನಾನು. ಅದು ಹೇಗಾಯಿತೆಂದು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ.

ಕಬ್ಬೂರಿನಲ್ಲಿ ನನ್ನ ನೆಗೆಣ್ಣಿ ನೀಲವ್ವ ಸಸಿಗಳ ನರ್ಸರಿ ಇಟ್ಟಿದ್ದಾಳೆ. ನೀಲವ್ವ ನನ್ನ ಮೈದುನನ ಹೆಂಡತಿ, ನನಗಿಂತ ಎಂಟು ವರ್ಷ ಚಿಕ್ಕವಳು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮೊದಲು ಹಿತ್ತಲಲ್ಲಿ ಹಾಲಿನ ಖಾಲಿ ಪಾಕೀಟುಗಳಲ್ಲಿ ಬೇವು ಎಬ್ಬಿಸುತ್ತಿದ್ದಳು. ಈಗ ಬಾವಿಯ ಪಕ್ಕದ ಹೊಲದಲ್ಲಿ ನೆರಳಿಗೆ ಹಸಿರು ಬಲೆ ಕಟ್ಟಿ ಬೇವು, ಹೊಂಗೆ, ಹುಣಸೆ, ಹೆಬ್ಬೇವು, ಶ್ರೀಗಂಧ ಎಲ್ಲ ಬೆಳೆಸುತ್ತಾಳೆ. ರಾಯಬಾಗ, ಅಥಣಿಯ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಹಬ್ಬಹರಿದಿನಗಳಲ್ಲಿ ಸೇರಿದಾಗ ನಾನು ಆಕೆಗೆ ಹಾಲು ಏಕೆ ಒಡೆಯುತ್ತದೆ, ಕಬ್ಬಿಣ ಏಕೆ ತುಕ್ಕು ಹಿಡಿಯುತ್ತದೆ ಎಂದೆಲ್ಲ ತಿಳಿಸಿ ಹೇಳುತ್ತಿದ್ದೆ. ಆಕೆ ಹೂಂ ಹೂಂ ಎಂದು ಕೇಳುತ್ತಿದ್ದಳು. ಇಪ್ಪತ್ತೈದು ವರ್ಷ ಒಬ್ಬರು ಹೂಂ ಎನ್ನುತ್ತಲೇ ಹೋದರೆ ಇನ್ನೊಬ್ಬರಿಗೆ ತಮಗೆ ಎಲ್ಲವೂ ಗೊತ್ತಿದೆ ಎನ್ನಿಸುವುದು ಸಹಜ. ಆಕೆಗೆ ಏನು ಗೊತ್ತಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಪ್ರಸಂಗ ಬರಲಿಲ್ಲ ಎಂದು ಬರೆಯಹೊರಟೆ, ಅದು ನಿಜವಲ್ಲ. ಕೇಳಬೇಕೆನ್ನಿಸಲಿಲ್ಲ.

ನಾನು ನಿವೃತ್ತಳಾದ ಮರುವರ್ಷ ನೀಲವ್ವನ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ಗೊತ್ತಾಯಿತು. ಮಿರಜದಲ್ಲಿ ಮಗಳ ಮನೆಯಿದೆ, ದವಾಖಾನೆಯೂ ಅಲ್ಲಿಯೇ. ಮೈದುನ ಜೊತೆಗಿರಬೇಕು. ಮೂರು ತಿಂಗಳು ನರ್ಸರಿ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ, ಯಾರೂ ಕೇಳುವ ಮೊದಲೇ ನಾನಿದ್ದೇನಲ್ಲ ಎಂದೆ. ಸಸಿಗಳಿಗೆ ಬೇಕಾದ ಪೋಷಕಾಂಶಗಳು ಎಷ್ಟು, ಯಾವುವು ಎಂದು ಆವತ್ತೇ ಊಟದ ಎಲೆಯ ಮುಂದೆ ಎಲ್ಲರಿಗೂ ಒಂದು ಉಪನ್ಯಾಸವನ್ನೂ ಕೊಟ್ಟೆ. ನನ್ನ ಯಜಮಾನರು ಮಜ್ಜಿಗೆ ಬಡಿಸಿಕೊಳ್ಳುತ್ತಿದ್ದರು. ಅವರು ಅದನ್ನು ಮೊದಲೂ ಕೇಳಿದವರು.

ಹೊರಡುವ ದಿನ ನೀಲವ್ವ ನನ್ನನ್ನು ಮಡಿಗಳ ನಡುವೆ ಕರೆದುಕೊಂಡು ಹೋಗಿ ಒಂದೊಂದಾಗಿ ತೋರಿಸಿದಳು. ಗಂಧದವು ನಾಲ್ಕು ಮಡಿ, ಮಡಿಗೆ ನೂರು ಚೀಲ. ಅದರಲ್ಲಿ ಎರಡು ಮಡಿ ಮುಗಳಖೋಡದ ಬಾಳಪ್ಪನವರಿಗೆ ಮಾತು ಕೊಟ್ಟದ್ದು. ಬಾಳಪ್ಪನವರು ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾದವರು, ಮಳೆಗಾಲಕ್ಕೆ ನೆಡಲೆಂದು ಹೊಲದಲ್ಲಿ ಆಗಲೇ ಇನ್ನೂರು ಕುಣಿ ತೋಡಿಸಿದ್ದರು. ಮಾತು ತಪ್ಪುವಂತಿಲ್ಲ ಎಂದಳು. ಆಮೇಲೆ ಗಾಡಿ ಹತ್ತುತ್ತ ಹೇಳಿದಳು, "ಅಕ್ಕಾ, ಮುಂಜಾನಿ ಸಂಜಿ ನೀರ ಹಾಕಿಸ್ರಿ. ಬ್ಯಾರೆ ಏನೂ ಹಾಕಬ್ಯಾಡ್ರಿ, ಏನೂ ಕೀಳಬ್ಯಾಡ್ರಿ. ನೋಡ್ಕೋತ ಇರ್ರಿ, ಸಾಕು."

ಇಂಥ ಸೂಚನೆಯನ್ನು ಕಾವಲುಗಾರನಿಗೆ ಕೊಡಬಹುದು ಎಂದು ನನಗೆ ಅನ್ನಿಸಿತು. ಎಂ.ಎಸ್ಸಿ. ಮಾಡಿದವಳಿಗೆ ಅದು ಅನ್ವಯಿಸುವುದಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ನರ್ಸರಿಯಲ್ಲಿ ಕೆಲಸಕ್ಕೆ ಇದ್ದವಳು ಶೇವಂತಾ ಒಬ್ಬಳೇ. ತವರು ಮಹಾರಾಷ್ಟ್ರದ ಗಡಿಗಿರುವ ಕೊಗನೊಳ್ಳಿ, ಕಬ್ಬೂರಿಗೆ ಕೊಟ್ಟು ಮೂವತ್ತು ವರ್ಷವಾಗಿದೆ. ಸಸಿಗಳ ಜೊತೆ ಮರಾಠಿಯಲ್ಲಿ ಮಾತಾಡುತ್ತಾಳೆ, ಮನುಷ್ಯರ ಜೊತೆ ಕನ್ನಡದಲ್ಲಿ, ಅದೂ ಅಗತ್ಯವಿದ್ದಷ್ಟು. ಮೊದಲ ದಿನವೇ ನಾನು ಆಕೆಯಲ್ಲಿ ಒಂದು ದೋಷ ಕಂಡುಹಿಡಿದೆ. ಪ್ರತಿಯೊಂದು ಗಂಧದ ಚೀಲದಲ್ಲೂ, ಸಸಿಯ ಪಕ್ಕದಲ್ಲಿ ಹೊನಗೊನ್ನೆ ಸೊಪ್ಪು ಬೆಳೆದಿತ್ತು. ನಮ್ಮ ಕಡೆ ಬಾವಿಯ ಬದಿ, ಕಾಲುವೆಯ ದಂಡೆ, ಎಲ್ಲೆಂದರಲ್ಲಿ ತಾನೇ ಹುಟ್ಟುವ ಸೊಪ್ಪು ಅದು. ಶೇವಂತಾ ಕುಕ್ಕರಗಾಲಿನಲ್ಲಿ ಕೂತು ಅದರ ತುದಿಗಳನ್ನಷ್ಟೇ ಚಿವುಟುತ್ತಿದ್ದಳು. ಬುಡವನ್ನು ಹಾಗೇ ಬಿಡುತ್ತಿದ್ದಳು. ಕಳೆ ತೆಗೆಯುವವರು ಬೇರು ಬಿಟ್ಟರೆ ಅದೆಂಥ ಕೆಲಸ?

ನಾನು ಪಕ್ಕದಲ್ಲಿ ಕೂತು ಒಂದನ್ನು ಬುಡಸಮೇತ ಕಿತ್ತು ತೋರಿಸಿದೆ. ಶೇವಂತಾ ನನ್ನ ಕೈ ನೋಡಿ, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ಹಾಗೆ ಬಾಯಾರೆಂದು ಕರೆದು, ಹೇಳಿದಳು, "ಅದು ಅಲ್ಲೇ ಇರಬೇಕ್ರಿ, ಬಾಯಾರ."

ನಾನು ನಕ್ಕು, ಒಂದೇ ಚೀಲದಲ್ಲಿ ಎರಡು ಗಿಡಗಳಿದ್ದರೆ ನೀರಿಗೆ, ಸಾರಜನಕಕ್ಕೆ, ರಂಜಕಕ್ಕೆ ಹೇಗೆ ಪೈಪೋಟಿ ನಡೆಯುತ್ತದೆ ಎಂದು ವಿವರಿಸಿದೆ. ಸರಳವಾಗಿಯೇ ವಿವರಿಸಿದೆ, ಎರಡು ಮಕ್ಕಳು ಒಂದೇ ತಾಟಿನಲ್ಲಿ ಉಂಡಂತೆ ಎಂದೂ ಹೇಳಿದೆ. ಆಕೆ ಪೂರ್ತಿ ಕೇಳಿದಳು, ಎದ್ದು ಹುಣಸೆಯ ಮಡಿಗೆ ಹೋದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಅರ್ಥವಾಯಿತೆಂದು ನಾನು ಅರ್ಥಮಾಡಿಕೊಂಡೆ.

ದಿನಕ್ಕೊಂದು ಮಡಿಯಂತೆ ನಾಲ್ಕು ದಿನದಲ್ಲಿ ನಾನೂರೂ ಚೀಲಗಳನ್ನು ನನ್ನ ಕೈಯಾರೆ ಸ್ವಚ್ಛ ಮಾಡಿದೆ. ಸೊಂಟ ಹಿಡಿದುಕೊಂಡಿತು, ಆದರೆ ಮಡಿಗಳು ಪರೀಕ್ಷೆಯ ಕೋಣೆಯ ಹಾಗೆ ಅಚ್ಚುಕಟ್ಟಾದವು. ಕಿತ್ತ ಸೊಪ್ಪನ್ನು ಎಸೆಯಲು ಮನಸ್ಸಾಗಲಿಲ್ಲ. ಹೊನಗೊನ್ನೆ ಕಣ್ಣಿಗೆ ಒಳ್ಳೆಯದೆಂದು ಹೇಳುತ್ತಾರೆ. ಎಳೆಯದನ್ನೆಲ್ಲ ಆರಿಸಿ ತೊಳೆದು, ಹೆಸರುಬೇಳೆ ಹಾಕಿ ಪಲ್ಯ ಮಾಡಿದೆ. ನಾಲ್ಕು ದಿನ ಅದೇ ಪಲ್ಯ. ಶೇವಂತಾಳಿಗೂ ಒಂದು ಬಟ್ಟಲು ಕೊಡಹೋದೆ. ತನಗೆ ಬೇಡವೆಂದಳು. ಉಳಿದ ದಂಟುಗಳನ್ನು ಮಾತ್ರ ಬುಟ್ಟಿಯಲ್ಲಿ ತುಂಬಿಕೊಂಡು ಹೋದಳು. ಮೇಕೆಗೆ ಹಾಕುತ್ತಾಳೆ ಅಂದುಕೊಂಡೆ.

ಮಿರಜದಿಂದ ದಿನಾ ಸಂಜೆ ಐದಕ್ಕೆ ಫೋನು ಬರುತ್ತಿತ್ತು. ನೀಲವ್ವ ಎಲ್ಲಕ್ಕಿಂತ ಮೊದಲು ಗಂಧವನ್ನು ವಿಚಾರಿಸುತ್ತಿದ್ದಳು. ಚೊಲೋ ಅದಾವ ಎನ್ನುತ್ತಿದ್ದೆ. ನಾನು ಮೊಣಕಾಲನ್ನು ವಿಚಾರಿಸುತ್ತಿದ್ದೆ. ಚೊಲೋ ಮಡಚಾಕತ್ತಾವ ಎನ್ನುತ್ತಿದ್ದಳು. ಆಗ ನನ್ನ ಮಟ್ಟಿಗಂತೂ ಅದು ನಿಜವೇ ಆಗಿತ್ತು.

ಮೂರು ವಾರ ಕಳೆದ ಮೇಲೆ ಗಂಧದ ಎಲೆಗಳ ಬಣ್ಣ ತೆಳುವಾಯಿತು. ಐದನೆಯ ವಾರಕ್ಕೆ ನಾಲ್ಕೂ ಮಡಿಗಳು ಹಳದಿಯಾಗಿ ನಿಂತವು. ಕೆಳಗಿನ ಎಲೆ ಮೊದಲು ಹಳದಿಯಾಗಿತ್ತು, ಮೇಲಿನದು ಆಮೇಲೆ. ಇದನ್ನು ನೋಡಿ ನನಗೆ ಒಂದು ರೀತಿಯ ಸಂತೋಷವಾದದ್ದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಇದು ನನ್ನ ಪಾಠ. ಸಸಿಗೆ ಸಾರಜನಕ ಸಾಲದೇ ಬಂದಾಗ, ಅದು ಹಳೆಯ ಎಲೆಯಲ್ಲಿದ್ದುದನ್ನು ತೆಗೆದು ಹೊಸ ಚಿಗುರಿಗೆ ಕೊಡುತ್ತದೆ. ಹಿರಿಯ ಎಲೆ ಹಳದಿಯಾಗಿ ಉದುರುತ್ತದೆ. ಹಾಗಲ್ಲದೆ ಚಿಗುರೇ ಮೊದಲು ಬಿಳಿಚಿಕೊಂಡರೆ ಅದು ಕಬ್ಬಿಣದ ಕೊರತೆ, ಅಥಣಿಯ ಕಡೆಯ ಸುಣ್ಣದ ಎರೆಮಣ್ಣಿನಲ್ಲಿ ಕಾಣುವಂಥದ್ದು. ಎಲೆ ನೇರಳೆಗೆ ತಿರುಗಿದರೆ ರಂಜಕ. ರೋಗ ಯಾವುದೆಂದು ನಾನು ಸರಿಯಾಗಿಯೇ ಹೇಳಿದೆ. ಆ ಸಾರಜನಕ ಅಲ್ಲಿಯತನಕ ಎಲ್ಲಿಂದ ಬರುತ್ತಿತ್ತು ಎಂದು ಮಾತ್ರ ಯೋಚಿಸಲಿಲ್ಲ.

ಯೂರಿಯಾ ತರಿಸಿದೆ. ತಕ್ಕಡಿಯಲ್ಲಿ ತೂಗಿ, ಅಳತೆಯ ನೀರಿನಲ್ಲಿ ಕರಗಿಸಿ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಝಾರಿಯಿಂದ ಎಲೆಗಳ ಮೇಲೆಯೇ ಹುಯ್ದೆ. ಅಳತೆ ಸರಿಯಿದ್ದರೆ ಗಳಿಗೆ ಯಾವುದಾದರೇನು ಎಂಬ ನಂಬಿಕೆ. ಗಂಧಕ್ಕೊಂದಕ್ಕೇ ಕೊಟ್ಟರೆ ಅನ್ಯಾಯವಾದೀತೆಂದು ಎಲ್ಲ ಮಡಿಗಳಿಗೂ ಸಮನಾಗಿ ಹಂಚಿದೆ. ಹೊಂಗೆ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅದರ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುವ ಸೂಕ್ಷ್ಮಜೀವಿಗಳೇ ಕೂತಿರುತ್ತವೆ. ಹೆಬ್ಬೇವು ಹದಿನೈದು ದಿನದಲ್ಲಿ ಗೇಣುದ್ದ ಎದ್ದು, ಕಾಂಡ ಮೆತ್ತಗಾಗಿ, ಗಾಳಿ ಬಂದ ಕಡೆ ಬಾಗಿತು. ಗಂಧದ ಎಲೆಗಳ ಅಂಚು ಮೂರನೆಯ ದಿನಕ್ಕೆ ಸುಟ್ಟ ಹಪ್ಪಳದ ಹಾಗೆ ಕಂದಾಯಿತು.

ಆ ವಾರವೇ ಬಾಳಪ್ಪನವರು ಬಂದರು. ಬೋಳು ತಲೆಗೆ ಟವೆಲ್ ಸುತ್ತಿಕೊಂಡು ತಮ್ಮ ಎರಡು ಮಡಿಗಳ ಮುಂದೆ ಬಹಳ ಹೊತ್ತು ನಿಂತರು. ಇವು ಹಳದಿ ಏಕೆ ಆಗಿವೆ ಎಂದು ಕೇಳಿದರು. ನಾನು, ಈ ವಯಸ್ಸಿನಲ್ಲಿ ಗಂಧದ ಬಣ್ಣವೇ ಹೀಗೆ ಎಂದೆ. ಮೂವತ್ತೊಂದು ವರ್ಷ ಪಾಠ ಮಾಡಿದ ಅದೇ ದನಿಯಲ್ಲಿ ಹೇಳಿದ್ದರಿಂದ ಅವರು ನಂಬಿದರು. ಬಾಯಾರು ಹೇಳಿದ ಮೇಲೆ ಮುಗಿಯಿತು ಎಂದು, ಕೈಮುಗಿದು ಹೋದರು. ಅವರು ಬೇಲಿ ದಾಟುವವರೆಗೆ ನಾನು ಅವರ ಬೆನ್ನನ್ನೇ ನೋಡುತ್ತ ನಿಂತಿದ್ದೆ. ತಿರುಗಿದಾಗ ಶೇವಂತಾ ಝಾರಿ ಹಿಡಿದುಕೊಂಡು ನನ್ನನ್ನು ನೋಡುತ್ತಿದ್ದಳು.

ಆ ದಿನ ಸಂಜೆ ಫೋನಿನಲ್ಲಿ ನಾನು ಚೊಲೋ ಅದಾವ ಎಂದದ್ದು ಗೊತ್ತಿದ್ದೂ ಹೇಳಿದ ಸುಳ್ಳು. ಮರುದಿನವೂ ಹೇಳಿದೆ. ಸುಳ್ಳಿಗೆ ಅಂಥ ಶ್ರಮವೇನೂ ಬೇಕಾಗುವುದಿಲ್ಲ, ನಿನ್ನೆಯ ಮಾತನ್ನೇ ಇವತ್ತೂ ಆಡಿದರಾಯಿತು. ಆದರೆ ಐದು ಗಂಟೆ ಹತ್ತಿರವಾದಂತೆ ಚಹಾ ಸೇರುತ್ತಿರಲಿಲ್ಲ. ಹನ್ನೆರಡು ದಿನ ಹೀಗೇ ನಡೆಯಿತು. ಅಷ್ಟರಲ್ಲಿ ಮೊದಲ ಮಡಿಯಲ್ಲಿ ಮೂವತ್ತು ಸಸಿ ಒಣಗಿಹೋದವು.

ಹದಿಮೂರನೆಯ ದಿನ ಬೆಳಿಗ್ಗೆ ಶೇವಂತಾ ಸತ್ತ ಸಸಿಗಳ ಚೀಲಗಳನ್ನು ಬದಿಗೆ ಇಡುತ್ತಿದ್ದಳು. ನಾನು ಹೋಗಿ ಅವಳ ಪಕ್ಕದಲ್ಲಿ, ಮೊದಲ ದಿನ ಪಾಠ ಹೇಳಲು ಕೂತಿದ್ದ ಹಾಗೆಯೇ, ಕೂತೆ. ನನ್ನ ವೃತ್ತಿಯಲ್ಲಿ ಪ್ರಶ್ನೆ ಕೇಳಿದವರಿಗೆ ಉತ್ತರ ಗೊತ್ತಿರಬೇಕೆಂಬುದು ನಿಯಮ. ಗೊತ್ತಿಲ್ಲದ್ದನ್ನು ಕೇಳಿ ಅಭ್ಯಾಸವಿರಲಿಲ್ಲ.

"ಶೇವಂತಾ, ಇವಕ್ಕ ಏನಾಗೇತಿ?"

"ಅದರ ಜೋಡಿನ್ನ ನೀವ ಕಿತ್ತೀರಲ್ರಿ," ಎಂದಳು, ಚೀಲದಿಂದ ಕಣ್ಣು ತೆಗೆಯದೆ. "ಗಂಧ ತಾನ ದುಡದ ತಿನ್ನಂಗಿಲ್ರಿ ಬಾಯಾರ. ಬಾಜೂ ಗಿಡದ ಬೇರಿಗಿ ಬಾಯಿ ಹಚ್ಚಿ ತಿಂತೈತಿ."

ನಂಬಿಕೆಯಾಗದಿದ್ದರೆ ತೋರಿಸುತ್ತೇನೆಂದು ಒಣಗಿದ ಚೀಲವೊಂದನ್ನು ಸೀಳಿ, ಮಣ್ಣು ಕೊಡವಿ, ಗಂಧದ ಬೇರನ್ನು ನನ್ನ ಅಂಗೈ ಮೇಲೆ ಇಟ್ಟಳು. ಬೇರಿನ ಉದ್ದಕ್ಕೂ ಅಲ್ಲಲ್ಲಿ ರಾಗಿ ಕಾಳಿನಷ್ಟು ದಪ್ಪದ ಚಿಕ್ಕ ಗುಂಡಿಗಳಿದ್ದವು. ಇವೇ ಬಾಯಿ ಎಂದಳು. ನಾನು ಕೀಳುವ ಮೊದಲು ಆ ಬಾಯಿಗಳು ಹೊನಗೊನ್ನೆಯ ಬೇರನ್ನು ಕಚ್ಚಿ ಹಿಡಿದಿದ್ದವು. ಹೊನಗೊನ್ನೆ ಮಣ್ಣಿನಿಂದ ಎಳೆದುಕೊಂಡದ್ದು ಅಲ್ಲಿಂದ ಗಂಧಕ್ಕೆ ಹೋಗುತ್ತಿತ್ತು. ಸೊಪ್ಪು ಅತಿಯಾಗಿ ಬೆಳೆದು ನೆರಳು ಮಾಡಬಾರದೆಂದೇ ಆಕೆ ತುದಿ ಚಿವುಟುತ್ತಿದ್ದದ್ದು. ನಾನು ದೋಷವೆಂದು ಬರೆದುಕೊಂಡದ್ದು ಆಕೆಯ ಕೆಲಸದ ಮುಖ್ಯ ಭಾಗವಾಗಿತ್ತು.

ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದೆನಲ್ಲ, ಮೊದಲನೆಯ ದಿನ, ಎಂದಳು. ನೀಲವ್ವನಿಗಾದರೂ ಒಂದು ಫೋನು ಮಾಡಿ ತಿಳಿಸಬಹುದಿತ್ತಲ್ಲ ಎಂದೆ. ಅದಕ್ಕೆ ಆಕೆ ಚೀಲದಿಂದ ಕಣ್ಣೆತ್ತಿ ನನ್ನ ಮುಖ ನೋಡಿದಳು.

"ಅದು ನಾ ಹೇಳೂದಲ್ರಿ. ನೀವ ಹೇಳೂದು."

ಆಮೇಲೆ ಎದ್ದು ನೀರಿನ ಟಾಕಿಯ ಹಿಂದೆ ಕರೆದುಕೊಂಡು ಹೋದಳು. ಅಲ್ಲಿ ನೆರಳಿನಲ್ಲಿ, ಹಸಿಮಣ್ಣಿನಲ್ಲಿ, ಹೊನಗೊನ್ನೆಯ ಮಡಿಯೊಂದು ಸೊಂಪಾಗಿ ಬೆಳೆದಿತ್ತು. ನಾನು ಮೇಕೆಗೆ ಹೋದವೆಂದು ತಿಳಿದಿದ್ದ ದಂಟುಗಳು. ಅವನ್ನು ಆವತ್ತೇ ಊರಿ ನೀರುಣಿಸಿಕೊಂಡು ಬಂದಿದ್ದಳು. ಬಾಯಾರು ಯಾವತ್ತಾದರೊಂದು ದಿನ ಕೇಳಿಯಾರು ಎಂದು.

ನನಗೆ ಆಗ ಏನನ್ನಿಸಿತೆಂದು ಚೆಂದ ಮಾಡಿ ಬರೆಯಬಹುದು. ನಿಜ ಹೇಳಬೇಕೆಂದರೆ, ಟಾಕಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಣ್ಣಿಗೆ ನೀರು ಬಂತು. ಶೇವಂತಾ ಅದನ್ನು ಕಂಡರೂ ಕಾಣದವಳಂತೆ ದಂಟು ಕೀಳತೊಡಗಿದಳು, ಏಕೆಂದರೆ ಹೊತ್ತೇರಿದರೆ ನಾಟಿ ಹಿಡಿಯುವುದಿಲ್ಲ.

ಆವತ್ತು ಸಂಜೆ ನೀಲವ್ವ ಫೋನು ಮಾಡುವ ಮೊದಲೇ ನಾನು ಮಾಡಿದೆ. ಕಿತ್ತದ್ದು, ಯೂರಿಯಾ ಹುಯ್ದದ್ದು, ಬಾಳಪ್ಪನವರಿಗೆ ಬಣ್ಣದ ಕಥೆ ಹೇಳಿದ್ದು, ಹನ್ನೆರಡು ದಿನ ಸುಳ್ಳಾಡಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬಚ್ಚಿಟ್ಟದ್ದು ಯಾವುದೂ ಉಳಿಯಬಾರದೆಂದು ಪಲ್ಯದ ಸಂಗತಿಯನ್ನೂ ಸೇರಿಸಿದೆ. ಫೋನು ಕಟ್ಟಾಯಿತೇನೋ ಎಂದು ಎರಡು ಸಲ ತೆಗೆದು ನೋಡಿದೆ.

"ಎಷ್ಟ ಸಲ ಪಲ್ಯ ಮಾಡಿದ್ರಿ ಅಕ್ಕಾ?" ನೀಲವ್ವನ ದನಿ ಎಂದಿನಂತೆಯೇ ಇತ್ತು.

"ನಾಕ ಸಲ."

"ಹಂಗಾರ ನಾಕೂ ಮಡಿ ಹ್ವಾದುವು."

ಆಕೆ ಬೈದಿದ್ದರೆ ಸುಲಭವಾಗುತ್ತಿತ್ತು. ಬೈಯಲಿಲ್ಲ. ಚೀಲದ ಅಂಚಿಗೆ ಕಡ್ಡಿಯಿಂದ ತೂತು ಮಾಡಿ ಊರಬೇಕು, ಗಂಧದ ಬೇರಿಗೆ ಕಡ್ಡಿ ತಾಕಬಾರದು, ಇನ್ನೊಂದು ಪದರು ಬಲೆ ಕಟ್ಟಿಸಬೇಕು, ನೀರಲ್ಲದೆ ಮತ್ತೇನೂ ಕೊಡಬಾರದು ಎಂದು ನಿಧಾನವಾಗಿ ಹೇಳಿದಳು. ನಾನು ಪೆನ್ನು ಹುಡುಕಿ ಬರೆದುಕೊಂಡೆ. ಹೂಂ ಹೂಂ ಎನ್ನುವ ಸರದಿ ನನ್ನದಾಗಿತ್ತು. ಎಲ್ಲ ಮುಗಿದ ಮೇಲೆ ಆಕೆ ಸ್ವಲ್ಪ ತಡೆದು, ತಾನೂ ಒಂದು ಹೇಳುವುದಿದೆ ಎಂದಳು. ಎಡಗಾಲು ಮಡಚುತ್ತಿಲ್ಲವಂತೆ. ತಿಂಗಳಾಯಿತಂತೆ. ಬಾವು ಬಂದು ಡಾಕ್ಟರು ಮತ್ತೆ ನೋಡಬೇಕೆಂದಿದ್ದಾರಂತೆ. ಗೊತ್ತಾದರೆ ಅಕ್ಕ ನರ್ಸರಿ ಬಿಟ್ಟು ಮಿರಜಕ್ಕೆ ಓಡಿ ಬರುತ್ತಾಳೆ, ಸಸಿಗಳನ್ನು ನೋಡುವವರು ಯಾರೂ ಇರುವುದಿಲ್ಲ ಎಂದು ಹೇಳಿರಲಿಲ್ಲವಂತೆ. ನಾನು ಮರುದಿನವೇ ಬಸ್ಸು ಹಿಡಿದು ಹೋಗಿ ಅವಳ ಪಕ್ಕದಲ್ಲಿ ಅರ್ಧ ದಿನ ಕೂತು ಬಂದೆ. ಇಬ್ಬರೂ ಕಾಲಿನ ಬಗ್ಗೆಯೇ ಮಾತಾಡಿದೆವು. ಅಷ್ಟು ವರ್ಷಗಳಲ್ಲಿ ಆಕೆ ಹೆಚ್ಚು ಮಾತಾಡಿ ನಾನು ಕೇಳಿದ ದಿನ ಅದೊಂದೇ.

ನಾಟಿ ಮುಗಿಯಲು ಆರು ದಿನ ಹಿಡಿಯಿತು. ಶೇವಂತಾ ತೂತು ಮಾಡುವಳು, ನಾನು ಊರುವವಳು. ಆಮೇಲೆ ಕಾಯುವುದೊಂದೇ ಕೆಲಸ. ಬೇರು ಬೇರನ್ನು ಹುಡುಕಿ ಮುಟ್ಟಿ ಬಾಯಿ ಹಚ್ಚುವುದಕ್ಕೆ ಒಂದು ತಿಂಗಳಾದರೂ ಬೇಕಂತೆ. ಚೀಲದೊಳಗೆ ಏನು ನಡೆದಿದೆಯೆಂದು ಮೇಲಿನಿಂದ ತಿಳಿಯುವಂತಿಲ್ಲ. ದಿನಾ ಬೆಳಿಗ್ಗೆ ಸೆರಗು ಸಿಕ್ಕಿಸಿ ಬಗ್ಗಿ ಬಗ್ಗಿ ನೋಡುತ್ತಿದ್ದೆ. ನಡುವೆ ಇನ್ನೂ ಹಲವು ಒಣಗಿದವು. ಜೂನ್ ಮೊದಲ ವಾರದಲ್ಲಿ ಮೂರನೆಯ ಮಡಿಯ ಒಂದು ಸಸಿಯ ತುದಿಯಲ್ಲಿ ಎರಡು ಎಲೆ ಹೊಸದಾಗಿ ಕಂಡವು, ಸ್ವಲ್ಪ ಕೆಂಪು ಮಿಶ್ರಿತ ಹಸಿರು. ನಾನು ಶೇವಂತಾಳನ್ನು ಕೂಗಿದೆ. ಆಕೆ ಬಂದು ನೋಡಿ, ಸಸಿಗೆ ಮರಾಠಿಯಲ್ಲಿ ಏನೋ ಹೇಳಿದಳು. ನನಗೆ ಹೇಳಲಿಲ್ಲ.

ನಾನೂರರಲ್ಲಿ ನೂರಾ ಅರವತ್ತು ಉಳಿದವು. ಅದರಲ್ಲಿ ನೆಡುವುದಕ್ಕೆ ಯೋಗ್ಯವಾದವು ತೊಂಬತ್ತು.

ಜುಲೈಯಲ್ಲಿ ಮಳೆ ಹಿಡಿದ ಮೇಲೆ ಬಾಳಪ್ಪನವರು ಟೆಂಪೊ ಮಾಡಿಕೊಂಡು ಬಂದರು. ಅಷ್ಟರಲ್ಲಿ ನೀಲವ್ವ ಊರಿಗೆ ಮರಳಿದ್ದಳು. ಕಾಲು ಪೂರ್ತಿ ಮಡಚದಿದ್ದರೂ ಕೋಲು ಹಿಡಿದು ಮಡಿಯ ತನಕ ನಡೆಯುತ್ತಿದ್ದಳು. ಇನ್ನೂರರ ಬದಲು ತೊಂಬತ್ತು ಸಸಿ ನೋಡಿ ಬಾಳಪ್ಪನವರು ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡರು. ಮಾತು ತಪ್ಪುವಂತಿಲ್ಲ ಎಂದಿದ್ದ ನೀಲವ್ವ ಕೋಲಿನ ಮೇಲೆ ಎರಡೂ ಕೈ ಇಟ್ಟು, ಈ ವರ್ಷ ಬಿಸಿಲು ಭಾಳ ಆಯಿತು, ಗಂಧ ತಡೆಯಲಿಲ್ಲ ಎಂದಳು. ನನ್ನ ಕಡೆ ನೋಡಲಿಲ್ಲ. ತಪ್ಪನ್ನು ಬಿಸಿಲಿನ ಮೇಲೆ ಹಾಕಿದರೆ ಯಾರಿಗೂ ನೋವಿಲ್ಲ. ಶೇವಂತಾ ನೀರು ಹಾಕುವುದನ್ನು ನಿಲ್ಲಿಸಿದ್ದಳು.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಲು ಎಲ್ಲ ಅನುಕೂಲವೂ ಇತ್ತು.

"ಬಿಸಲಲ್ರಿ, ನಾನು," ಎಂದೆ. "ಆವತ್ತ ನಿಮಗ ಹೇಳಿದ್ದೂ ಸುಳ್ಳ. ನೀಲವ್ವಂದು ಏನೂ ತಪ್ಪಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದೆ. ಬಾಳಪ್ಪನವರು ನನ್ನನ್ನು ನೋಡಿದರು, ನೀಲವ್ವನನ್ನು ನೋಡಿದರು, ಕೊನೆಗೆ ಸಸಿಗಳನ್ನು ನೋಡುತ್ತ ಹೇಳಿದರು, "ಮೂವತ್ತ ವರ್ಷ ಬಸ್ ಹೊಡದೇನ್ರಿ ಬಾಯಾರ. ಎಷ್ಟೋ ಗಾಡಿ ಬಂದ ಬಡದಾವ. ತಪ್ಪು ನಂದ ಅಂತ ಒಬ್ಬರೂ ಇಳದ ಬಂದ ಹೇಳಿಲ್ಲ. ಈಗ ಏನ ಮಾತಾಡ್ಬೇಕಂತ ತಿಳೀವಲ್ದು."

ತಿಳಿಯದೆ ಅವರು ಚಹಾ ಕುಡಿದರು. ತೊಂಬತ್ತನ್ನು ಟೆಂಪೊಗೆ ಹಾಕಿಸಿಕೊಂಡರು. ಉಳಿದ ಕುಣಿಗಳಲ್ಲಿ ಈ ವರ್ಷ ತೊಗರಿ ಹಾಕುತ್ತೇನೆ, ಮುಂದಿನ ವರ್ಷ ಗಂಧ ಅದರ ನಡುವೆಯೇ ಬರಲಿ, ಹೇಗೂ ಅದಕ್ಕೆ ಜೋಡಿ ಬೇಕಲ್ಲ ಎಂದು ನೀಲವ್ವನ ಹತ್ತಿರ ಮತ್ತೆ ನೂರಾ ಹತ್ತಕ್ಕೆ ಹೇಳಿ ಹೋದರು. ಅವರು ಹೋದ ಮೇಲೆ ನೀಲವ್ವ ನನಗೆ ಕೇಳುವಂತೆ, ತಾನು ಹೇಳಿದ ಬಿಸಿಲಿನ ನೆಪ ಅಷ್ಟೇನು ಕೆಟ್ಟದಾಗಿತ್ತು ಎಂದಳು. ಶೇವಂತಾ ನಕ್ಕಳು. ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ನಾನು ವಾರಕ್ಕೆ ಎರಡು ದಿನ ನಿಪ್ಪಾಣಿಯಿಂದ ಕಬ್ಬೂರಿಗೆ ಹೋಗುತ್ತೇನೆ. ನರ್ಸರಿಯಲ್ಲಿ ನನ್ನ ಸ್ಥಾನ ಶೇವಂತಾಳಿಗಿಂತ ಒಂದು ಮೆಟ್ಟಿಲು ಕೆಳಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಮೂವರಿಗೂ ಗೊತ್ತಿದೆ. ಸದ್ಯಕ್ಕೆ ಶೇವಂತಾ ನನಗೆ ಬೇವಿನ ಮಡಿ ಒಪ್ಪಿಸಿದ್ದಾಳೆ. ಅದೇ ಏಕೆ ಎಂದು ನಾನು ಕೇಳಿದೆ, ಈಗ ನನಗೆ ಕೇಳುವುದು ರೂಢಿಯಾಗಿದೆ. ಬೇವು ಯಾರ ಕೈಯಲ್ಲಿದ್ದರೂ ಬದುಕುತ್ತದೆ ಎಂದಳು.